ಇಳಿದ ತೂಕ

ಹಲಸೂರು, ಬೆಂಗಳೂರು–8
14 ಜೂನ್ 1970, ಭಾನುವಾರ

ಪ್ರೀತಿಯ ಅಂಬುಜಕ್ಕನಿಗೆ ರಮಾಮಣಿಯ ನಮಸ್ಕಾರಗಳು.

ಈ ವಿಷಯವನ್ನು ಬರೆಯದೆಯೇ ಕಾಗದ ಮುಗಿಸುವವಳಿದ್ದೆ. ನಿನ್ನೆ ಒಂದು ಪುಟದ ತುಂಬ ಮಗಳು ವಸುವಿನ ಪರೀಕ್ಷೆ, ನನ್ನ ಸ್ಕೂಲು, ಒದ್ದೆ ಸೌದೆಯ ತಾಪತ್ರಯ ಎಲ್ಲ ಬರೆದೆ. ಓದಿ ನೋಡಿದರೆ ನನ್ನ ಮೇಲೆ ನನಗೇ ಬೇಸರ ಬಂತು. ಹರಿದು ಹಾಕಿದೆ. ಸಂಗತಿ ಇಷ್ಟು: ನಿಮ್ಮ ತಮ್ಮನನ್ನು ಕ್ರೇನಿನಿಂದ ಇಳಿಸಿದ್ದಾರೆ.

ಇಪ್ಪತ್ತೆರಡು ವರ್ಷ ಅವರು ಕೂತದ್ದು ಕಾರ್ಖಾನೆಯ ಸೂರಿನ ಕೆಳಗೆ, ನಲವತ್ತು ಅಡಿ ಎತ್ತರದ ಆ ಗಾಜಿನ ಗೂಡಿನಲ್ಲಿ. ಕಳೆದ ತಿಂಗಳು ಏಣಿ ಹತ್ತುವಾಗ ಅರ್ಧದಲ್ಲೇ ನಿಂತು ಏದುಸಿರು ಬಿಟ್ಟರಂತೆ. ಯಾರೋ ವರದಿ ಮಾಡಿದರು. ಕಾರ್ಖಾನೆಯ ಡಾಕ್ಟರು ತೂಕ ನೋಡಿದರೆ ಎಂಬತ್ತಾರು ಕಿಲೋ. ನವೆಂಬರಿನೊಳಗೆ ಎಪ್ಪತ್ತಕ್ಕೆ ಇಳಿದರೆ ಪೂರ್ತಿ ಪರೀಕ್ಷೆ ಮಾಡಿ ಮತ್ತೆ ಮೇಲೆ ಕಳಿಸುತ್ತಾರೆ. ಇಲ್ಲವಾದರೆ ನಿವೃತ್ತಿಯವರೆಗೂ ಕೆಳಗೇ. ಈಗ ಟೂಲ್ ಸ್ಟೋರಿನ ಕಿಂಡಿಯ ಹಿಂದೆ ಸ್ಟೂಲಿನ ಮೇಲೆ ಕೂತು, ಕೆಲಸಗಾರರಿಂದ ಗುರುತಿನ ಹಿತ್ತಾಳೆ ಬಿಲ್ಲೆ ಇಸಿದುಕೊಂಡು ಸ್ಪ್ಯಾನರ್ ಕೊಡುತ್ತಾರೆ. ಹುಡುಗರು ‘ಗ್ರೌಂಡ್ ಸ್ವಾಮಿ’ ಅನ್ನುತ್ತಾರಂತೆ. ಅದನ್ನು ನಗುತ್ತಲೇ ಹೇಳಿದರು, ಆದರೆ ಆವತ್ತು ಊಟ ಮಾಡಲಿಲ್ಲ.

ಡಾಕ್ಟರು ಕಸರತ್ತಿನ ಚಿತ್ರಗಳಿರುವ ಒಂದು ಹಾಳೆ ಕೊಟ್ಟಿದ್ದರು. ಎರಡು ದಿನ ತಾರಸಿಯ ಮೇಲೆ ಕೈಕಾಲು ಆಡಿಸಿದರು. ಮೂರನೆಯ ದಿನ ನಮ್ಮ ಮನೆ ಒಡತಿ ಮುನಿಲಕ್ಷ್ಮಮ್ಮ ಮೆಣಸಿನಕಾಯಿ ಹರಡಲು ಬಂದವರು, “ಸ್ವಾಮ್ಯೋರೆ, ಯಾವ ದೇವ್ರಿಗೆ ಹರಕೆ ಇದು?” ಎಂದರು. ಅಲ್ಲಿಗೆ ಆ ಹಾಳೆ ಟ್ರಂಕು ಸೇರಿತು.

ಆಗ ನನಗೊಂದು ಯೋಚನೆ ಬಂತು. ನಮ್ಮಮ್ಮ ಜನ್ಮದಲ್ಲಿ ಒಂದು ದಿನ ಕಸರತ್ತು ಮಾಡಿದವರಲ್ಲ. ಎಪ್ಪತ್ತು ವರ್ಷಕ್ಕೂ ಕುಕ್ಕರುಗಾಲಲ್ಲಿ ಕೂತು ರುಬ್ಬಿ, ನೆಲಕ್ಕೆ ಕೈ ಊರದೆ ಏಳುತ್ತಿದ್ದರು. ಮನೆಯಲ್ಲಿ ನಾನೂ ಕೆಲಸದ ವೆಂಕಟಮ್ಮನೂ ಹಂಚಿಕೊಂಡು ಮಾಡುವ ಕೆಲಸವಿದೆಯಲ್ಲ, ಅದರಲ್ಲಿ ಕೈಗೆ, ಸೊಂಟಕ್ಕೆ, ಕಾಲಿಗೆ ಏನು ಕಡಿಮೆ? ನಾಳೆಯಿಂದ ಬಾವಿಯ ನೀರು ಅವರದು. ಹೇಗಾಗುತ್ತದೋ ಬರೆಯುತ್ತೇನೆ.

ನಿಮ್ಮ
ರಮಾಮಣಿ

*

ಹಲಸೂರು
26 ಜುಲೈ 1970

ಪ್ರೀತಿಯ ಅಂಬುಜಕ್ಕನಿಗೆ,

ಎಪ್ಪತ್ತೊಂಬತ್ತು! ಕಂಟೋನ್ಮೆಂಟ್ ಸ್ಟೇಷನ್ನಿನ ತೂಕದ ಯಂತ್ರದ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹಿಂದೆ ಅಚ್ಚಾಗಿರುವ ಭವಿಷ್ಯವನ್ನು ನಂಬಬೇಡಿ. ನಿಮ್ಮ ತಮ್ಮನಿಗೆ ಸಮುದ್ರಯಾನ ಇದೆಯಂತೆ.

ಈಗ ಬೆಳಗ್ಗೆ ಐದೂವರೆಗೆ ಎದ್ದು ಮೂವತ್ತು ಬಿಂದಿಗೆ ಸೇದುತ್ತಾರೆ. ಹಾಸಿಗೆ ಬಟ್ಟೆಗಳನ್ನು ಒಗೆಯುವ ಕಲ್ಲಿಗೆ ಬಡಿಯುವುದೂ ಅವರೇ. ಭಾನುವಾರ ಇಬ್ಬರೂ ಶಿವಾಜಿನಗರದ ಮಾರ್ಕೆಟ್ಟಿಗೆ ನಡೆದೇ ಹೋಗಿ, ಎರಡು ಕೈಚೀಲ ಹೊತ್ತು ನಡೆದೇ ಬರುತ್ತೇವೆ. ಇನಾಯತ್ ಉಲ್ಲಾ ಅವರ ಗಿರಣಿಗೆ ರಾಗಿ ಹೊತ್ತುಕೊಂಡು ಹೋದರೆ, “ಏನ್ ಸ್ವಾಮಿ, ಸೈಕಲ್ ಮಾರ್ಬಿಟ್ರಾ?” ಎಂದು ಕೇಳುತ್ತಾರಂತೆ. ಹಿಟ್ಟು ರುಬ್ಬುವುದು ಮಾತ್ರ ಅಡಿಗೆಮನೆಯ ಬಾಗಿಲು ಹಾಕಿಕೊಂಡು. ಒರಳಿನ ಮುಂದೆ ಗಂಡಸು ಕೂತದ್ದನ್ನು ಬೀದಿ ನೋಡಬಾರದು ಎಂಬುದು ಅವರ ಷರತ್ತು. ಬಾವಿಕಟ್ಟೆಗೆ ಬಾಗಿಲಿಲ್ಲವಲ್ಲ, ಅಲ್ಲಿ ಮುನಿಲಕ್ಷ್ಮಮ್ಮ ಸಿಕ್ಕಿಬಿಟ್ಟರು. ನನ್ನನ್ನು ತಡೆದು, “ಅಲ್ಲಮ್ಮೋ ಟೀಚರಮ್ಮ, ಗಂಡನ ಕೈಲಿ ನೀರು ಸೇದುಸ್ತೀಯಲ್ಲ, ನಿಂಗೇನು ಕೈ ಬಿದ್ದೋಯ್ತಾ?” ಎಂದರು. ನನಗೆ ಕೋಪ ಬರಲಿಲ್ಲ ಅಕ್ಕ. ಹೆಮ್ಮೆಯೇ ಆಯಿತು. ಹೆಮ್ಮೆ ಎಂಬ ಪದವನ್ನು ಬರೆದು ಅಳಿಸಿ ಮತ್ತೆ ಬರೆದಿದ್ದೇನೆ.

ಚೆನ್ನಾಗಿ ಹಸಿವಾಗುತ್ತದೆ. ಮೊದಲಿಗಿಂತ ಎರಡು ಪಟ್ಟು ಊಟ, ಆದರೂ ತೂಕ ಇಳಿಯುತ್ತಿದೆ. ಬಾಯಾರಿಕೆಯೂ ಹಾಗೇ. ಕೂಜಾ ತುಂಬಿಸಿಟ್ಟರೆ ಅರ್ಧ ಗಂಟೆಯಲ್ಲಿ ಖಾಲಿ. ದುಡಿಯುವ ದೇಹ ಅಂದರೆ ಇದೇ ಇರಬೇಕು.

ನಿಮ್ಮ
ರಮಾಮಣಿ

*

(ಕಾರ್ಡು)
ಹಲಸೂರು
23–8–70

ಅಕ್ಕನಿಗೆ ಕೃಷ್ಣಸ್ವಾಮಿಯ ನಮಸ್ಕಾರ. ನಿನ್ನ ತಮ್ಮ ಈಗ ಹಲಸೂರಿನಲ್ಲೇ ಅತ್ಯಂತ ಹೆಚ್ಚು ಸರ್ವೀಸಿರುವ ನೀರಿನಾಳು. 75 ಕಿಲೋ. ಮದುವೆಯ ಕೋಟು ಟ್ರಂಕಿನಿಂದ ತೆಗೆದು ಹಾಕಿಕೊಂಡೆ, ಗುಂಡಿ ಹಾಕಲು ಬಂತು. ನಿನ್ನ ನಾದಿನಿ ನಕ್ಕು ನಕ್ಕು ಅತ್ತಳು. ಪೇಪರಿನವರು ಈಚೆಗೆ ಅಕ್ಷರವನ್ನು ಬಹಳ ಮಂಕಾಗಿ ಅಚ್ಚು ಹಾಕುತ್ತಿದ್ದಾರೆ, ಕನ್ನಡಕ ಬದಲಿಸಬೇಕೋ ಪೇಪರನ್ನು ಬದಲಿಸಬೇಕೋ ತಿಳಿಯದು. ಅರಸೀಕೆರೆ ಕಡೆಯಿಂದ ಯಾರಾದರೂ ಬರುವವರಿದ್ದರೆ ಬೆಲ್ಲ ಕಳಿಸು. ಬೆವರು ಸುರಿಸುವವನಿಗೆ ಬೆಲ್ಲದ ನೀರು ಬಹಳ ಹಿತ.

ಕಿಟ್ಟಿ

*

ಅರಸೀಕೆರೆ
2–9–1970

ಚಿ. ಸೌ. ರಮಾಮಣಿಗೆ ಅಂಬುಜಾಳ ಆಶೀರ್ವಾದಗಳು.

ಬೆಲ್ಲ ಕಳಿಸುವುದಿಲ್ಲ. ಕಿಟ್ಟಿಗೆ ಸಿಟ್ಟು ಬಂದರೆ ಬರಲಿ.

ನಿನ್ನ ಎರಡು ಕಾಗದಗಳನ್ನೂ ಅವನ ಕಾರ್ಡನ್ನೂ ಮುಂದಿಟ್ಟುಕೊಂಡು ಎರಡು ಸಲ ಓದಿದೆ. ನೀನು ಮನೆಗೆಲಸ ಹಚ್ಚಿದ್ದಕ್ಕೆ ನನ್ನದೇನೂ ಆಕ್ಷೇಪವಿಲ್ಲ. ಗಂಡಸು ನೀರು ಸೇದಿದರೆ ಬಾವಿಯೇನೂ ಬತ್ತುವುದಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಬರೆ. ರಾತ್ರಿ ಎಷ್ಟು ಸಲ ಏಳುತ್ತಾನೆ? ಬಚ್ಚಲಲ್ಲಿ ಇರುವೆ ಕಾಣಿಸುತ್ತಿದೆಯೇ? ಕಾಲಿಗೆ ಗಾಯ ಏನಾದರೂ ಆಗಿದೆಯೇ?

ಯಾಕೆ ಎಂದು ಕೇಳಬೇಡ. ಅವನಿಗೆ ಈ ಕಾಗದ ತೋರಿಸಬೇಡ.

ಅಂಬುಜಾ

*

ಹಲಸೂರು
4 ಅಕ್ಟೋಬರ್ 1970

ಪ್ರೀತಿಯ ಅಂಬುಜಕ್ಕನಿಗೆ,

ಉತ್ತರ ಒಂದು ತಿಂಗಳು ತಡವಾಯಿತು. ಸ್ಕೂಲಿನಲ್ಲಿ ಪರೀಕ್ಷೆಯ ಪೇಪರುಗಳಿದ್ದವು ಎಂದು ಬರೆಯಬಹುದು. ಅದು ಸುಳ್ಳೂ ಅಲ್ಲ.

ಈಗ ಎಪ್ಪತ್ತು. ಡಾಕ್ಟರು ಹೇಳಿದ ಗುರಿಯನ್ನು ಒಂದೂವರೆ ತಿಂಗಳು ಮೊದಲೇ ಮುಟ್ಟಿದ್ದಾರೆ. ಬೀದಿಯಲ್ಲಿ ಎಲ್ಲರೂ ಕೇಳುವವರೇ. ಮುನಿಲಕ್ಷ್ಮಮ್ಮನೇ ತಮ್ಮ ಮಗನನ್ನು ಬಾವಿಗೆ ಅಟ್ಟಿದ್ದಾರೆ. ಸ್ಕೂಲಿನ ಹೆಡ್‌ಮಿಸ್ ನನ್ನ ಕೈಲಿ ತಾಯಂದಿರ ಸಭೆಯಲ್ಲಿ ಮನೆಗೆಲಸವೇ ವ್ಯಾಯಾಮ ಎಂದು ಹತ್ತು ನಿಮಿಷ ಮಾತಾಡಿಸಿದರು. ಗುಡಿಸುವಾಗ ಸೊಂಟ ಹೇಗೆ ಬಾಗಬೇಕು, ಬಿಂದಿಗೆಯನ್ನು ಯಾವ ಕೈಗೆ ಬದಲಿಸಬೇಕು ಎಂದೆಲ್ಲ ಹೇಳಿದೆ. ಚಪ್ಪಾಳೆ ತಟ್ಟಿದರು. ಇದನ್ನೆಲ್ಲ ಮೊದಲು ಬರೆಯುತ್ತಿದ್ದೇನೆ ಎಂಬುದು ನನಗೂ ಗೊತ್ತಿದೆ.

ನೀವು ಕೇಳಿದ್ದು. ಏಳುತ್ತಾರೆ, ಲೆಕ್ಕ ಇಟ್ಟಿಲ್ಲ. ಅಷ್ಟು ನೀರು ಕುಡಿದವರು ಏಳದೆ ಇರುತ್ತಾರೆಯೇ? ಬಚ್ಚಲಲ್ಲಿ ಇರುವೆ ಇದೆ. ಮಳೆಗಾಲದಲ್ಲಿ ಯಾರ ಮನೆಯಲ್ಲಿಲ್ಲ? ಫಿನಾಯಿಲ್ ಹಾಕಿದ್ದೇನೆ. ಮತ್ತೆ ಬರುತ್ತದೆ, ಮತ್ತೆ ಹಾಕುತ್ತೇನೆ. ಸೌದೆ ಒಡೆಯುವಾಗ ಚಕ್ಕೆ ಸಿಡಿದು ಎಡಗಾಲಿನ ಹೆಬ್ಬೆರಳ ಹತ್ತಿರ ಸೀಳಿದೆ. ಸಣ್ಣ ಗಾಯ. ಗಣೇಶನ ಹಬ್ಬದ ವಾರದಲ್ಲಿ ಆದದ್ದು, ಇನ್ನೂ ಹಸಿಯಾಗಿದೆ. ಅರಿಸಿನ ಹಚ್ಚುತ್ತಿದ್ದೇನೆ.

ಮೂರಕ್ಕೂ ಹೌದು ಎಂದೇ ಉತ್ತರವಾಯಿತು. ಇನ್ನು ನೀವು ಯಾಕೆ ಎಂದು ಹೇಳಬೇಕು.

ನಿಮ್ಮ
ರಮಾಮಣಿ

*

ಅರಸೀಕೆರೆ
21–10–1970

ಚಿ. ಸೌ. ರಮಾಮಣಿಗೆ ಆಶೀರ್ವಾದಗಳು.

ಹೇಳುತ್ತೇನೆ. ಹೇಳಬಾರದೆಂದು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡವರು ಯಾರೂ ಈಗ ಬದುಕಿಲ್ಲ.

ನಮ್ಮ ತಂದೆ ಎದೆನೋವಿನಿಂದ ಹೋದರು ಎಂದು ನಿನ್ನ ಅಪ್ಪನಿಗೆ ಹೇಳಿದ್ದೆವು. ಕಿಟ್ಟಿಗೂ ಹಾಗೇ ಹೇಳಿ ಬೆಳೆಸಿದೆವು, ಆಗ ಅವನಿಗೆ ಒಂಬತ್ತು. ಅವರು ಹೋದದ್ದು ಸಕ್ಕರೆ ಕಾಯಿಲೆಯಿಂದ. ದಪ್ಪಗಿದ್ದವರು ಒಂದು ವರ್ಷದಲ್ಲಿ ಕಡ್ಡಿಯಾದರು. ಎಷ್ಟು ಚುರುಕಾಗಿದ್ದಾರೆ ನೋಡಿ ಎಂದು ಊರೇ ಹೊಗಳಿತು. ನಮ್ಮಮ್ಮ ಅವರ ಪಂಚೆ ಒಗೆಯುವಾಗ ಇರುವೆಗಳನ್ನು ಬಿಡಿಸಿ ಬಿಡಿಸಿ ಒಗೆಯುತ್ತಿದ್ದಳು. ಕಾಲಿಗೆ ಮುಳ್ಳು ಚುಚ್ಚಿತು. ಬೆರಳು ಹೋಯಿತು, ಪಾದ ಹೋಯಿತು. ಕೊನೆಗೆ ಬಾಗಿಲಲ್ಲಿ ನಿಂತವರು ಯಾರೆಂದು ದನಿಯಿಂದ ಗುರುತಿಸುತ್ತಿದ್ದರು.

ಆಗ ಮನೆಯಲ್ಲಿ ನಾವು ನಾಲ್ಕು ಹೆಣ್ಣುಮಕ್ಕಳು ಮದುವೆಗಿದ್ದೆವು. ವಂಶದಲ್ಲಿ ಸಕ್ಕರೆ ಇದೆ ಎಂದರೆ ಯಾರು ಹೆಣ್ಣು ಕೊಡುತ್ತಾರೆ, ಯಾರು ತರುತ್ತಾರೆ? ದೊಡ್ಡಪ್ಪ ಎಲ್ಲರನ್ನೂ ಕೂರಿಸಿಕೊಂಡು, ಎದೆನೋವು ಎಂದೇ ಹೇಳಬೇಕು ಎಂದರು. ನಾವೆಲ್ಲ ಹೇಳಿದೆವು. ಹೇಳಿ ಹೇಳಿ ನನಗೂ ಅದೇ ನಿಜ ಅನ್ನಿಸಿಬಿಟ್ಟಿತ್ತು.

ಕಿಟ್ಟಿಯ ಮೂತ್ರ ಪರೀಕ್ಷೆ ಮಾಡಿಸು. ಕಾರ್ಖಾನೆಯಲ್ಲಿ ಬೇಡ, ಬೇರೆ ಎಲ್ಲಾದರೂ. ವಸುವಿಗೆ ಗಂಡು ನೋಡುವ ಕಾಲ ಬಂದಿದೆ, ಹೊರಗೆ ಯಾರಿಗೂ ತಿಳಿಯದ ಹಾಗೆ ಮಾಡಿಸು. ಹೀಗೆ ಬರೆಯುವಾಗ ನನ್ನ ದೊಡ್ಡಪ್ಪನೇ ಬರೆಸಿದಂತಿದೆ. ಆದರೂ ಬರೆಯುತ್ತಿದ್ದೇನೆ.

ತಡ ಮಾಡಬೇಡ.

ಅಂಬುಜಾ

*

ಹಲಸೂರು
29 ನವೆಂಬರ್ 1970

ಪ್ರೀತಿಯ ಅಂಬುಜಕ್ಕನಿಗೆ,

ಸಂತೋಷದ ಸಮಾಚಾರ. ಮಂಗಳವಾರ ಕಾರ್ಖಾನೆಯಲ್ಲಿ ಪೂರ್ತಿ ಪರೀಕ್ಷೆಯಾಯಿತು. ತೂಕ 65. ರಕ್ತದ ಒತ್ತಡ, ಕಣ್ಣು, ಮೂತ್ರ ಎಲ್ಲ ಸರಿಯಾಗಿದೆ ಎಂದು ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಡಿಸೆಂಬರ್ 14, ಸೋಮವಾರ, ಬೆಳಗಿನ ಪಾಳಿಯಿಂದ ಮತ್ತೆ ಮೇಲೆ. ಡಾಕ್ಟರು ಅವರ ಬೆನ್ನು ತಟ್ಟಿ, ಮಿಕ್ಕವರಿಗೂ ಇವರ ದಾರಿ ಹೇಳಿಕೊಡಿ ಎಂದರಂತೆ.

ಗಾಯಕ್ಕೆ ಮುಲಾಮು ಹಾಕುತ್ತಿದ್ದೇವೆ. ವಸು ಕ್ಷೇಮ.

ನಿಮ್ಮ
ರಮಾಮಣಿ

*

(ಕಾರ್ಡು)
ಅರಸೀಕೆರೆ
4–12–70

ರಮಾಮಣಿ, ಕಾಗದ ತಲುಪಿತು. ಇಷ್ಟು ಚಿಕ್ಕ ಕಾಗದವನ್ನು ನೀನು ಯಾವತ್ತೂ ಬರೆದಿಲ್ಲ. ನಾನು ಅಕ್ಟೋಬರಿನಲ್ಲಿ ಬರೆದದ್ದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಸರಿಯಾಗಿದೆ ಎಂದು ಅವರು ಬರೆದುಕೊಟ್ಟರು, ಒಪ್ಪಿದೆ. ನೀನು ಏನು ಹೇಳುತ್ತೀ?

ಅಂಬುಜಾ

*

ಹಲಸೂರು
10 ಡಿಸೆಂಬರ್ 1970, ಗುರುವಾರ

ಪ್ರೀತಿಯ ಅಂಬುಜಕ್ಕನಿಗೆ,

ಆ ಬಾಟಲಿಯಲ್ಲಿದ್ದದ್ದು ನನ್ನದು.

ಬೆಳಗಿನ ಮೊದಲ ಮೂತ್ರವನ್ನು ಮನೆಯಿಂದಲೇ ತರಬೇಕು ಎಂದಿದ್ದರು. ಟಾನಿಕ್ಕಿನ ಹಳೆಯ ಬಾಟಲಿಯನ್ನು ನಾನೇ ಬಿಸಿನೀರಿನಲ್ಲಿ ತೊಳೆದು ಇಟ್ಟಿದ್ದೆ. ಆ ಮಂಗಳವಾರ ಅವರು ಬಚ್ಚಲ ಬಾಗಿಲಲ್ಲಿ ಅದನ್ನು ಹಿಡಿದುಕೊಂಡು ನಿಂತು, “ಮಣಿ, ನೀನೇ ತುಂಬಿಸಿ ಕೊಟ್ಬಿಡು” ಎಂದರು. ಯಾಕೆಂದು ಕೇಳಿದೆ. ನೀರು ಜಾಸ್ತಿ ಕುಡಿದಿದ್ದೇನೆ, ತೆಳುವಾಗಿದೆ ಎಂದು ಸುಮ್ಮನೆ ಇನ್ನೊಂದು ಸಲ ಓಡಾಡಿಸುತ್ತಾರೆ ಎಂದರು. ನಾನು ಆ ಮಾತನ್ನು ನಂಬಿದೆ ಎಂದು ಬರೆದರೆ ನೀವು ಕ್ಷಮಿಸಬಹುದು. ನಂಬಿರಲಿಲ್ಲ. ನಿಮ್ಮ ಅಕ್ಟೋಬರಿನ ಕಾಗದ ಒಂದು ತಿಂಗಳಿಂದ ನನ್ನ ಸೀರೆಗಳ ಕೆಳಗಿತ್ತು. ಬಾಟಲಿ ತೆಗೆದುಕೊಂಡು ಒಳಗೆ ಹೋದೆ. ಎರಡು ನಿಮಿಷದ ಕೆಲಸ.

ಕಣ್ಣಿನ ಪರೀಕ್ಷೆಯ ಬಗ್ಗೆ ಆಮೇಲೆ ಅವರೇ ಹೇಳಿದರು. ಗೋಡೆಯ ಮೇಲಿನ ಆ ಅಕ್ಷರಗಳ ಪಟ ಇಪ್ಪತ್ತೆರಡು ವರ್ಷದಿಂದ ಬದಲಾಗಿಲ್ಲವಂತೆ. ಅವರಿಗೆ ಬಾಯಿಪಾಠ.

ಮೊದಲಿನಿಂದ ನಾನು ಯಾವುದನ್ನು ನೋಡಿ ಸಂತೋಷಪಟ್ಟೆ ಎಂದು ಕೇಳಿಕೊಳ್ಳುತ್ತಿದ್ದೇನೆ. ಕೆಲಸದಲ್ಲಿ ತಪ್ಪಿಲ್ಲ. ಅವರ ತೋಳು ಗಟ್ಟಿಯಾದದ್ದು ನಿಜ, ಉಸಿರು ಸರಾಗವಾದದ್ದು ನಿಜ. ಮೊದಲ ಐದಾರು ಕಿಲೋ ನೀರು ಸೇದಿಯೇ ಇಳಿದಿರಬಹುದು. ಆಮೇಲೆ ಇಳಿದದ್ದಕ್ಕೆ ಕಾರಣ ಬೇರೆಯಿತ್ತು. ಅದೂ ನನ್ನ ಜಾಣತನವೇ ಎಂದುಕೊಂಡೆ. ಸಭೆಯಲ್ಲಿ ಚಪ್ಪಾಳೆ ತಟ್ಟಿಸಿಕೊಂಡ ಮೇಲೆ ಇರುವೆಗೆ ಫಿನಾಯಿಲ್ ಹಾಕುವುದು ಸುಲಭವಾಗಿತ್ತು.

ಇಷ್ಟಾದರೂ ಸುಮ್ಮನಿದ್ದುಬಿಡುತ್ತಿದ್ದೆನೇನೋ. ಮೊನ್ನೆ ಭಾನುವಾರ ಮಂಜೂರ್ ಬಂದ. ನಿಮಗೆ ಅವನ ಪರಿಚಯವಿಲ್ಲ. ಕೆಳಗೆ ನಿಂತು ಸರಕಿಗೆ ಸರಪಣಿ ಬಿಗಿದು, ಇವರಿಗೆ ಕೈಸನ್ನೆ ಮಾಡುವವನು ಅವನು. ಇವರು ಎತ್ತುವ ಉಕ್ಕಿನ ತೊಲೆ ಅವನ ತಲೆಯ ಮೇಲಿನಿಂದ ಹೋಗುತ್ತದೆ. ಹನ್ನೆರಡು ವರ್ಷದಿಂದ ಈ ಇಬ್ಬರದೂ ಜೋಡಿ. ಇವರು ಮತ್ತೆ ಮೇಲೆ ಬರುತ್ತಾರೆಂದು ತಿಳಿದು ಸಿಹಿ ಹಿಡಿದುಕೊಂಡು ಬಂದಿದ್ದ. ಆಗ ಹಗಲು ಹನ್ನೊಂದು ಗಂಟೆ, ಒಳ್ಳೆಯ ಬಿಸಿಲು. ಅವನು ಗೇಟಿನ ಹತ್ತಿರ ನಿಂತು ಕೈ ಬೀಸಿದ. ಜಗುಲಿಯಲ್ಲಿದ್ದ ಇವರಿಗೂ ಅವನಿಗೂ ನಡುವೆ ಹದಿನೈದು ಹೆಜ್ಜೆ.

“ಅದ್ಯಾರೇ ಅಲ್ಲಿ ನಿಂತಿರೋದು?” ಎಂದು ಇವರು ನನ್ನನ್ನು ಕೇಳಿದರು.

ಅವನು ಹತ್ತಿರ ಬಂದು ಮಾತಾಡಿದ ಮೇಲೆ, “ಓ, ನೀನಾ!” ಎಂದು ಎದ್ದು ಭುಜ ತಟ್ಟಿದರು. ಸಿಹಿಯನ್ನೂ ತಿಂದರು. ನಾನು ಕಾಫಿ ತಂದಾಗ ಮಂಜೂರ್ ನನ್ನ ಕಡೆ ತಿರುಗಿ ಹೇಳಿದ: “ಆರು ತಿಂಗಳು ಹೊಸಬನ ಕೆಳಗೆ ಜೀವ ಕೈಲಿ ಹಿಡ್ಕೊಂಡು ನಿಂತಿದ್ದೆ ಅಮ್ಮಾ. ಸ್ವಾಮಿ ಸಾಬ್ ಮೇಲಿದ್ರೆ ನಾನು ಕಣ್ಣು ಮುಚ್ಕೊಂಡು ನಿಲ್ತೀನಿ.”

ಅವನು ಹೋದ ಮೇಲೆ ನಿಮ್ಮ ಕಾಗದವನ್ನು ಇವರ ಮುಂದೆ ಓದಿದೆ. ಪೂರ್ತಿ ಕೇಳಿಸಿಕೊಂಡರು. ಅಪ್ಪನ ಪಾದದ ವಿಷಯ ಬಂದಾಗ ತಮ್ಮ ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡರು. ಕೊನೆಗೆ, ನಾಳೆ ನಂದನ್ನೇ ತಗೊಂಡು ಹೋಗಿ ನೋಡಿಸು, ಏನೂ ಇರಲ್ಲ ಎಂದರು. ಸೋಮವಾರ ಸ್ಕೂಲಿಗೆ ಒಯ್ದೆ. ಪಕ್ಕದ ಮನೆಯವರದು ಎಂದು ಸುಳ್ಳು ಹೇಳಿ ಸೈನ್ಸ್ ಮಿಸ್ ಕೈಯಲ್ಲಿ ಪರೀಕ್ಷೆ ಮಾಡಿಸಿದೆ. ಸಕ್ಕರೆ ಪತ್ತೆಹಚ್ಚುವ ನೀಲಿ ದ್ರಾವಣದಲ್ಲಿ ಕೆಲವು ಹನಿ ಹಾಕಿ ಕುದಿಸಿದರು. ಹಸಿರಾಯಿತು, ಹಳದಿಯಾಯಿತು, ನೋಡುತ್ತಿದ್ದಂತೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅವರು ಬರ್ನರ್ ಆರಿಸಿ, ನಿಮ್ಮ ಪಕ್ಕದ ಮನೆಯವರನ್ನು ಈವತ್ತೇ ಆಸ್ಪತ್ರೆಗೆ ಕಳಿಸಿ ಎಂದರು.

ಸಾಯಂಕಾಲ ಹೇಳಿದೆ. ಆಮೇಲೆ ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

“ಒಂದು ವರ್ಷ ಬಿಡು ಮಣಿ. ವಸು ಮದುವೆ ಆಗ್ಲಿ, ಆಮೇಲೆ ಯಾವ ಆಸ್ಪತ್ರೆಗಾದ್ರೂ ಬರ್ತೀನಿ.”

“ಮಂಜೂರ್ ಕೆಳಗಿರ್ತಾನಲ್ರೀ” ಎಂದೆ.

“ಅವನ ಕೈ ನಂಗೆ ಕಾಣ್ಬೇಕಾಗಿಲ್ಲ, ಅಭ್ಯಾಸ ಇದೆ” ಎಂದರು. ಎದ್ದು ಬಿಂದಿಗೆ ತೆಗೆದುಕೊಂಡು ಬಾವಿಗೆ ಹೋದರು. ಮನೆಯ ಹಂಡೆ, ತೊಟ್ಟಿ, ಎಲ್ಲವೂ ಬೆಳಗ್ಗೆಯೇ ತುಂಬಿದ್ದವು. ಆದರೂ ರಾಟೆಯ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಆ ನೀರನ್ನು ಎಲ್ಲಿಗೆ ಸುರಿದರೋ ನಾನು ನೋಡಲಿಲ್ಲ.

ಅಂದಿನಿಂದ ನಾವು ಬೇಕಾದಷ್ಟೇ ಮಾತಾಡಿದ್ದೇವೆ. ಸೋಮವಾರಕ್ಕೆ ಖಾಕಿ ಬಟ್ಟೆ ಒಗೆದು ಇಸ್ತ್ರಿ ಮಾಡಿಟ್ಟಿದ್ದಾರೆ. ಸೊಂಟದ ಹತ್ತಿರ ನಾನೇ ಮೂರು ಅಂಗುಲ ಒಳಕ್ಕೆ ಹಿಡಿದು ಹೊಲಿದುಕೊಟ್ಟೆ. ಹೊಲಿಯುವಾಗ ಏನಂದುಕೊಳ್ಳುತ್ತಿದ್ದೆ ಗೊತ್ತೇ? ಡಾಕ್ಟರಿಗೆ ಅನುಮಾನ ಬರುತ್ತದೆ, ಇನ್ನೊಂದು ಸಲ ಕರೆಸುತ್ತಾರೆ, ನಾನು ಏನೂ ಮಾಡಬೇಕಾಗುವುದಿಲ್ಲ. ಇವತ್ತು ಗುರುವಾರ. ಯಾರೂ ಕರೆಸಿಲ್ಲ.

ಕಾರ್ಖಾನೆಯ ಡಾಕ್ಟರಿಗೆ ನಾನು ಒಂದು ಕಾಗದ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಬರೆದೆ. ಆ ಭಾಷೆಯಲ್ಲಿ ನನಗೆ ನಾಚಿಕೆ ಸ್ವಲ್ಪ ಕಡಿಮೆ. ಆರೇ ಸಾಲು. ಬಾಟಲಿ ಯಾರದು, ಅಕ್ಷರದ ಪಟ ಹೇಗೆ ಓದಿದ್ದು, ಸ್ಕೂಲಿನಲ್ಲಿ ಬಂದ ಬಣ್ಣ ಯಾವುದು, ಕಾಲಿನ ಗಾಯ ಎಷ್ಟು ದಿನದ್ದು. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ. ಖುದ್ದಾಗಿ ಹೋಗಿ ಹೇಳಬಹುದಿತ್ತು. ಆದರೆ ಗೇಟಿನವರೆಗೆ ಹೋಗಿ, ಇವರಿಗೆ ಊಟದ ಡಬ್ಬಿ ತಂದೆ ಎಂದು ಹೇಳಿ ವಾಪಸು ಬಂದುಬಿಡುತ್ತೇನೆ. ನನ್ನನ್ನು ನಾನು ಅಷ್ಟು ಬಲ್ಲೆ.

ಮೋಸ ಮಾಡಿದ್ದಕ್ಕೆ ಕೆಲಸವೇ ಹೋಗಬಹುದು. ವಸುವಿನ ವಿಷಯ ಎಲ್ಲರಿಗೂ ತಿಳಿಯಬಹುದು. ಇವರು ನನ್ನೊಡನೆ ಮತ್ತೆ ಮಾತಾಡದೆಯೂ ಇರಬಹುದು. ಹಲಸೂರಿನಲ್ಲಿ ಹಾಕಿದ ಕಾಗದ ಕಾರ್ಖಾನೆಯಿರುವ ಕೃಷ್ಣರಾಜಪುರದ ಕಡೆಗೆ ಮಾರನೆಯ ದಿನ ತಲುಪುತ್ತದೆ. ಶನಿವಾರ ಹಾಕಿದರೆ, ಭಾನುವಾರ ಬಟವಾಡೆಯಿಲ್ಲ, ಸೋಮವಾರದ ಟಪಾಲು ಹತ್ತು ಗಂಟೆಗೆ ಬರುತ್ತದೆ. ಪಾಳಿ ಶುರುವಾಗುವುದು ಏಳಕ್ಕೆ. ಇದನ್ನು ಅಂಚೆ ಕಚೇರಿಯ ಕಿಟಕಿಯಲ್ಲಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಆದ್ದರಿಂದ ನಾಳೆಯೇ, ಇವರು ಕಾರ್ಖಾನೆಯ ಬಸ್ಸಿಗೆ ಹೊರಟ ಮೇಲೆ, ಮೊದಲ ಟಪಾಲು ತೆಗೆಯುವುದಕ್ಕೆ ಮುಂಚೆ ಹೋಗಬೇಕು.

ನೀವು ಬೇಡ ಎಂದು ಬರೆಯಬೇಕೆಂದಿದ್ದರೂ ನಿಮ್ಮ ಉತ್ತರಕ್ಕೆ ಸಮಯವಿಲ್ಲ. ಅದಕ್ಕೇ ಮೊದಲೇ ಕೇಳಲಿಲ್ಲ.

ನಿಮ್ಮ
ರಮಾಮಣಿ

ಇದನ್ನೂ ಡಾಕ್ಟರ ಕಾಗದವನ್ನೂ ಒಟ್ಟಿಗೆ ಅಂಚೆಗೆ ಹಾಕುವುದು: 11 ಡಿಸೆಂಬರ್ 1970, ಶುಕ್ರವಾರ.